ಮದುವೆ ಕ್ಯಾಸೆಟ್ಟಿನಲ್ಲಿ ಸಿಕ್ಕಿಬಿದ್ದ ಭಾನುವಾರ

ಕೆಲವರ ಮನೆಗೆ ಹೊಸ ವಸ್ತು ಹಳೆಯದು ಕೆಟ್ಟ ಮೇಲೆ ಬರುತ್ತದೆ. ಇನ್ನು ಕೆಲವರ ಮನೆಗೆ ಕೆಡುವ ಮೊದಲೇ ಬರುತ್ತದೆ. ನಮ್ಮ ಮನೆಗೆ ಮಾತ್ರ ಇಡೀ ಚಿತ್ರದುರ್ಗ ಅದನ್ನು ಬಳಸಿ, ಬೇಸರವಾಗಿ, ಅಟ್ಟಕ್ಕೆ ಎಸೆದ ಮೇಲೆ ಬರುತ್ತದೆ. ಕಾರಣ ನಮ್ಮ ಯಜಮಾನರು. ಹೊಳಲ್ಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವರು. ವಿಜ್ಞಾನ ಓದಿದವರಿಗೆ ಮುಂದೆ ಬರುವುದೆಲ್ಲ ಇವತ್ತೇ ಗೊತ್ತಿರುತ್ತದೆ ಎಂದು ನಮ್ಮ ಬೀದಿ ನಂಬಿದೆ, ಅವರೂ ನಂಬಿದ್ದಾರೆ. ಯಾವ ಯಂತ್ರದ ಹೆಸರೆತ್ತಿದರೂ ಅವರದು ಒಂದೇ ಉತ್ತರ: "ತಡಿ, ಇದಕ್ಕಿಂತ ಒಳ್ಳೇದು ಬರ್ತೈತೆ."

ಬಂದರೆ ಬರಲಿ, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಈ ತಡಿ, ತಡಿಯಲ್ಲಿ ನನ್ನ ಭಾನುವಾರಗಳೆಲ್ಲ ಮುಳುಗಿಹೋದವು.

ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣನ್ನು ಮನೆ ತುಂಬಿಸಿಕೊಳ್ಳುವಾಗ ಗಂಡಿನ ಅಕ್ಕತಂಗಿಯರು ಹೊಸಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡು ಒಂದು ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಬೇಕು, ಆಮೇಲೆಯೇ ಬಾಗಿಲು. ಹೊಸದುರ್ಗ ತಾಲ್ಲೂಕು ಬಾಗೂರಿನಲ್ಲಿ, ನಮ್ಮ ಮಾವನವರ ಮನೆಯ ಹೊಸಿಲ ಮುಂದೆ, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಇವರು ಗಟ್ಟಿಯಾಗಿ ಹೇಳಿದ್ದು ಇದು: "ಕೋಟೆಗೆ ಸುತ್ತು ಏಳು, ವಾರಕ್ಕೆ ದಿನ ಏಳು. ಆರು ದಿನ ಸೌಟು ಇವಳ ಪಾಲು, ಭಾನುವಾರ ಸೌಟು ನನ್ನ ಪಾಲು." ಕೊನೆಗೆ ನನ್ನ ಹೆಸರು. ನಾದಿನಿಯರು ಹೋ ಎಂದು ನಕ್ಕು ಬಾಗಿಲು ಬಿಟ್ಟರು.

ಮೊದಲನೇ ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಂಡು ಜಗಲಿಯಲ್ಲಿ ಹಾಯಾಗಿ ಕೂತೆ. ಇವರು ಬಂದು "ತಿಂಡಿ ಏನು ಮಾಡ್ತೀಯ?" ಎಂದರು. ಒಡಪಿನ ನೆನಪು ಮಾಡಿಕೊಟ್ಟೆ. "ಯಾವ ಒಡಪು? ನಾನು ಬರೀ ನಿನ್ನ ಹೆಸರು ಹೇಳಿದ್ದು" ಎಂದುಬಿಟ್ಟರು. ಹೋ ಎಂದು ನಕ್ಕಿದ್ದ ನಾದಿನಿಯರನ್ನು ಕೇಳಿದೆ. "ನಮಗೆ ನೆನಪಿಲ್ಲಪ್ಪ" ಎಂದರು. ಅತ್ತೆಯವರಂತೂ "ಬಂದ ವಾರದಾಗೇ ಕಥೆ ಕಟ್ಟಾಕೆ ಶುರು ಮಾಡಿದ್ಲು" ಎಂದು ಪಕ್ಕದ ಮನೆಗೂ ಕೇಳಿಸುವಂತೆ ಹೇಳಿದರು. ಉಪ್ಪಿಟ್ಟು ಮಾಡುವುದು ನನಗೇನು ಕಷ್ಟವಲ್ಲ. ಆದರೆ ಹೊಸ ಮನೆಯಲ್ಲಿ, ಹೊಸ ಜನರ ನಡುವೆ ಸುಳ್ಳಿ ಎನ್ನಿಸಿಕೊಂಡೆನಲ್ಲ, ಅದು ಇವತ್ತಿಗೂ ಹೊಟ್ಟೆ ಉರಿಸುತ್ತದೆ.

ಸಾಕ್ಷಿ ಇಲ್ಲದೆ ಇರಲಿಲ್ಲ. ಹೊಳಲ್ಕೆರೆಯಿಂದ ಬಂದ ವಿಡಿಯೋದವರು ಹೊಸಿಲ ಮುಂದೆಯೇ ಕ್ಯಾಮೆರಾ ಹಿಡಿದು ನಿಂತಿದ್ದರು. ಮಾತು ಕ್ಯಾಸೆಟ್ಟಿನಲ್ಲಿತ್ತು, ಕ್ಯಾಸೆಟ್ಟು ಬೀರುವಿನಲ್ಲಿತ್ತು. ಅದನ್ನು ಹಾಕಿ ನೋಡುವ ಯಂತ್ರ ಮಾತ್ರ ನಮ್ಮ ಮನೆಯಲ್ಲಿರಲಿಲ್ಲ.

ಬಾಡಿಗೆ ವಿಸಿಆರ್

ಆಗೆಲ್ಲ ವಿಸಿಆರ್ ಬಾಡಿಗೆಗೆ ಸಿಗುತ್ತಿತ್ತು. ಅದರ ಜೊತೆಗೆ ಅದನ್ನು ಕಾಯಲು ಒಬ್ಬ ಮನುಷ್ಯನೂ ಬರುತ್ತಿದ್ದ. ನಾನು ಹಟ ಹಿಡಿದಿದ್ದಕ್ಕೆ ಮಾವನವರು ಹೊಸದುರ್ಗದಿಂದ ಒಂದು ತರಿಸಿದರು. ಬಾಗೂರಿನ ಅರ್ಧ ಊರು ನಮ್ಮ ನಡುಮನೆಯಲ್ಲಿ ಸೇರಿತು.

ಮದುವೆ ನೋಡಲು ಯಾರೂ ಬಂದಿರಲಿಲ್ಲ, ಎಲ್ಲರೂ ತಮ್ಮನ್ನು ತಾವು ನೋಡಿಕೊಳ್ಳಲು ಬಂದಿದ್ದರು. "ನಾನು ಬಂದೆ ನೋಡ್ರಿ, ನಾನು ಬಂದೆ!" ಎಂದು ಒಬ್ಬರು ಎದ್ದು ನಿಂತರೆ ಹಿಂದಿನವರು "ಕುಂತ್ಕಳ್ರಿ, ನಾನು ಮರೆಯಾದೆ" ಎಂದು ಬೈಯುತ್ತಿದ್ದರು. ಆ ಗದ್ದಲದಲ್ಲಿ ಟೀವಿಯ ಸದ್ದು ಯಾರಿಗೂ ಕೇಳಲಿಲ್ಲ. ಕೇಳಬೇಕಾದ ಜಾಗ ಇನ್ನೂ ಬಂದಿರಲೂ ಇಲ್ಲ, ಹಾಗಾಗಿ ನಾನು ತಾಳ್ಮೆಯಿಂದ ಕೂತಿದ್ದೆ. ಆದರೆ ನಮ್ಮ ಅತ್ತೆಯವರಿಗೆ ತಮ್ಮ ರೇಷ್ಮೆ ಸೀರೆಯ ಅಂಚು ಕಂಡ ಕೂಡಲೇ "ಇನ್ನೊಂದು ಸಾರಿ ಹಿಂದಕ್ಕೆ ಬಿಡಪ್ಪ" ಎನ್ನುವ ಚಟ ಹತ್ತಿತು. ಯಂತ್ರದವನು ಹಿಂದಕ್ಕೆ ಬಿಟ್ಟ. ಆಗ ದೊಡ್ಡ ನಾದಿನಿಗೆ ತಾನು ಜಡೆ ಹಾಕಿಸಿಕೊಂಡದ್ದು ಮತ್ತೆ ನೋಡಬೇಕಾಯಿತು. ಅದೂ ಆಯಿತು. ಊಟದ ಪಂಕ್ತಿ ಬಂದಾಗ ಯಾರೋ ಒಬ್ಬರು ತಮ್ಮ ಎಲೆಗೆ ಹೋಳಿಗೆ ಬಿದ್ದಿತೋ ಇಲ್ಲವೋ ಎಂದು ಪರೀಕ್ಷೆ ಮಾಡಿಸಿದರು.

ಅಂತೂ ಇಂತೂ ಬಾಗೂರಿನ ಮನೆ ಬಂತು, ಆರತಿ ತಟ್ಟೆ ಬಂತು, ನಾದಿನಿಯರು ಕೈ ಅಡ್ಡ ಹಿಡಿದರು, ಇವರು ಗಂಟಲು ಸರಿ ಮಾಡಿಕೊಂಡರು. ಕರೆಂಟು ಹೋಯಿತು. ಅದು ವಾಪಸು ಬರುವಷ್ಟರಲ್ಲಿ ಬಾಡಿಗೆಯ ಹೊತ್ತು ಮುಗಿದು, ಯಂತ್ರದವನು ಕ್ಯಾಸೆಟ್ಟು ನನ್ನ ಕೈಗಿಟ್ಟು, ವಿಸಿಆರ್ ಹೆಗಲಿಗೇರಿಸಿಕೊಂಡು ಇನ್ನೊಂದು ಮದುವೆ ಮನೆಗೆ ಹೊರಟೇ ಹೋದ. ನನ್ನ ಯಜಮಾನರು ಕತ್ತಲಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿದ್ದವರು, ಬೆಳಕು ಬಂದ ಕೂಡಲೇ ಎಲ್ಲರೆದುರು ಹೇಳಿದರು:

"ನೋಡಿದ್ಯಾ? ನಿನ್ನ ಸುಳ್ಳು ಕರೆಂಟಿಗೂ ಗೊತ್ತಾತು."

ಅತ್ತೆಯ ಹೊಸ ಪೆಟ್ಟಿಗೆ

ಆಮೇಲೆ ನಾವು ಚಿತ್ರದುರ್ಗದಲ್ಲಿ ಮನೆ ಮಾಡಿದೆವು. ನನಗೂ ಭರಮಸಾಗರದ ಶಾಲೆಯಲ್ಲಿ ಕೆಲಸ ಸಿಕ್ಕಿತು. ಒಂದು ವಿಸಿಆರ್ ತಗೊಳ್ಳೋಣ ಎಂದೆ. "ತಡಿ, ಸೀಡಿ ಬರ್ತೈತೆ. ಟೇಪಿನ ಕಾಲ ಮುಗೀತು" ಎಂದರು. ಸರಿ, ಸೀಡಿ ಬಂತು. ನಮ್ಮ ಬೀದಿಯ ಹಾಲಿನವನ ಮನೆಯಲ್ಲೂ ಸೀಡಿ ಪ್ಲೇಯರು ಬಂತು. ಆಗ ಒಂದು ದಿನ ಇವರು ಆಟೋದಿಂದ ಒಂದು ಭಾರದ ಪೆಟ್ಟಿಗೆ ಇಳಿಸಿಕೊಂಡು ಬಂದರು. ನೋಡಿದರೆ ವಿಸಿಆರ್! ಬಾಗಿಲು ಹಾಕುತ್ತಿದ್ದ ಕ್ಯಾಸೆಟ್ ಅಂಗಡಿಯವನಿಂದ ತಂದಿದ್ದರು.

"ಇದರ ಕಾಲ ಮುಗೀತು ಅಂದಿದ್ದು ನೀವೇ ಅಲ್ವೇನ್ರಿ?" ಎಂದೆ.

"ಅದಕ್ಕೇ ತಂದಿದ್ದು. ಒಂದು ಯಂತ್ರ ಪೂರ್ತಿ ಪಳಗಬೇಕು ಅಂದ್ರೆ ಅದರ ಕಾಲ ಮುಗೀಬೇಕು" ಎಂದರು. ಇಂಥವರು ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು.

ಕ್ಯಾಸೆಟ್ಟು ತೆಗೆದುಕೊಂಡು ಓಡಿ ಬಂದೆ. ಟೀವಿಗೆ ಜೋಡಿಸುವ ವೈರಿರಲಿಲ್ಲ. ವೈರು ಮೂಲೆ ಅಂಗಡಿಯಲ್ಲೇ ಸಿಗುತ್ತಿತ್ತು. ಆದರೆ ಅದು ಕಳಪೆಯಂತೆ, ಒಳ್ಳೇ ವೈರು ಬರುತ್ತದಂತೆ. ವೈರಿಗೂ ತಡಿ! ಅಷ್ಟರಲ್ಲಿ ನಮ್ಮ ಅತ್ತೆಯವರು ಬಾಗೂರಿನಿಂದ ನಾಲ್ಕು ದಿನ ಇರಲು ಬಂದರು, ಬಂದವರು ಮಾಗಿ ಕಳೆಯುವವರೆಗೆ ಇದ್ದರು.

ವೈರು ಕೊನೆಗೂ ಬಂದ ದಿನ ಕ್ಯಾಸೆಟ್ಟನ್ನು ಯಂತ್ರದ ಬಾಯಿಗಿಟ್ಟರೆ ಒಳಗೇ ಹೋಗಲಿಲ್ಲ. ರಿಪೇರಿಯವನನ್ನು ಕರೆಸಿದೆವು. ಅವನು ಮುಚ್ಚಳ ಬಿಚ್ಚಿ, ಒಳಗೆ ಬೆರಳು ಹಾಕಿ, ಮೂಸಿ ನೋಡಿದ. ಒಂದು ಒಣಗಿದ ವೀಳ್ಯದೆಲೆ ಹೊರಗೆ ಬಂತು. ಆಮೇಲೆ ಇನ್ನಷ್ಟು ಎಲೆ, ಅಡಿಕೆ ಹೋಳು, ಹೊಗೆಸೊಪ್ಪು, ಕಡೆಗೆ ಒಂದು ಸುಣ್ಣದ ಡಬ್ಬಿ. ಡಬ್ಬಿಯ ಮುಚ್ಚಳ ಕಳಚಿ ಸುಣ್ಣವೆಲ್ಲ ಯಂತ್ರದ ಹೊಟ್ಟೆಗೆ ಮೆತ್ತಿಕೊಂಡಿತ್ತು.

"ಕೈ ಇಟ್ರೆ ತಾನೇ ತೆರೀತೈತೆ, ತೆಗೆದ್ರೆ ತಾನೇ ಮುಚ್ಕಂತೈತೆ. ಜಿರಲೆ ಹೋಗಾದಿಲ್ಲ. ಮಗ ನನಗೇ ಅಂತ ತಂದಾನೆ ಅಂದ್ಕಂಡೆ" ಎಂದರು ಅತ್ತೆಯವರು, ತುಂಬಾ ಬೇಸರದಿಂದ. ರಿಪೇರಿಯವನು ತನ್ನ ಸಾಮಾನು ಚೀಲಕ್ಕೆ ತುಂಬಿಕೊಳ್ಳುತ್ತಾ ಹೇಳಿದ:

"ಮೇಷ್ಟ್ರೇ, ಇದಕ್ಕೆ ನಾನು ಬ್ಯಾಡ. ಯಾವುದಾದ್ರೂ ಬೀಡಾ ಅಂಗಡಿಯೋನಿಗೆ ಕೊಡ್ರಿ, ಇಟ್ಕಂತಾನೆ."

ಬಬ್ಬೂರಿನ ಗಿಳಿಗಳು

ಇನ್ನು ಇವರನ್ನು ನಂಬಿ ಪ್ರಯೋಜನವಿಲ್ಲ ಎಂದು ನಾನೇ ಒಂದು ಉಪಾಯ ಮಾಡಿದೆ. ಚಿಕ್ಕ ನಾದಿನಿಯ ಗಂಡ ಹಿರಿಯೂರಿನ ಹತ್ತಿರ ಬಬ್ಬೂರಿನಲ್ಲಿದ್ದಾರೆ. ಅವರ ಕೈಗೆ ಕ್ಯಾಸೆಟ್ಟು ಕೊಟ್ಟು, ಹಿರಿಯೂರಿನಲ್ಲಿ ಸೀಡಿ ಮಾಡಿಸಿ ಎಂದೆ. ಮಾಡಿಸಿದರು. ಎರಡೂವರೆ ಗಂಟೆಯ ಮದುವೆ ಮೂರು ಸೀಡಿಗೆ ಹಂಚಿಹೋಯಿತು. ಕ್ಯಾಸೆಟ್ಟನ್ನು ನನಗೆ ವಾಪಸು ಕಳಿಸಿ, ಸೀಡಿಗಳನ್ನು ಮಾತ್ರ ಅಲ್ಲೇ ಇಟ್ಟುಕೊಂಡರು. "ನಿಮ್ಮನೇಲಿ ಹಾಕಾಕೆ ಏನೈತೆ? ನೀವೇ ಬರ್ರಿ, ಎಲ್ಲಾ ಕುಂತು ನೋಡಾಣ" ಎಂದು ಫೋನಿನಲ್ಲಿ ಹೇಳಿದರು. ಮರ್ಯಾದೆಯ ಮಾತೇ. ಆದರೆ ಮಾತಿನಲ್ಲಿ ಚುಚ್ಚುವ ತುದಿಯೊಂದು ಇತ್ತು.

ಬೇಸಿಗೆ ರಜೆಯಲ್ಲಿ ಹೋದೆ. ಚೀಲ ಕೆಳಗಿಡುವ ಮೊದಲೇ "ಸೀಡಿ ಎಲ್ಲಿ?" ಎಂದೆ. ಅವರು ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು, "ನಡೀರಿ, ಹೊಲಕ್ಕೆ ಹೋಗಾಣ" ಎಂದರು. ಹೊಲಕ್ಕೆ ಯಾಕೆ ಎಂದು ಕೇಳದೆ ಹಿಂದೆ ಹೋದದ್ದು ನನ್ನ ಮುಗ್ಧತೆ. ಸೂರ್ಯಕಾಂತಿ ಹೊಲದ ನಡುವೆ ಗೂಟ ನೆಟ್ಟು, ದಾರ ಎಳೆದು, ಹಳೆಯ ಸೀಡಿಗಳನ್ನು ಸಾಲಾಗಿ ತೂಗುಬಿಟ್ಟಿದ್ದರು. ಬಿಸಿಲಿಗೆ ಫಳಫಳ ಹೊಳೆಯುತ್ತಾ ಸುತ್ತುತ್ತಿದ್ದವು. ಹತ್ತಿರ ಹೋಗಿ ಒಂದನ್ನು ಹಿಡಿದು ನಿಲ್ಲಿಸಿದೆ. ಅದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ನನ್ನ ಹೆಸರು, ನನ್ನ ಗಂಡನ ಹೆಸರು, 'ಭಾಗ ಮೂರು, ಮನೆ ತುಂಬಿಸುವುದು.' ಸೀಡಿಯ ನಡುವಿನ ತೂತು ಸಾಲದೆ, ಎರಡು ಹೆಸರಿನ ನಡುವೆ ದಾರ ಪೋಣಿಸಲು ಕೊರೆದ ಇನ್ನೊಂದು ತೂತು.

"ಟೀವಿಗೆ ಹಾಕಿದ್ರೆ ಮುಖ ಎಲ್ಲಾ ಚೌಕ ಚೌಕ ಬಂತು. ಹೆಂಗೂ ನಡೆಯಾದಿಲ್ಲ, ಗಿಳಿಗಾದ್ರೂ ಹೆದರ್ಸಲಿ ಅಂತ" ಎಂದರು. ಅವರ ಪ್ರಕಾರ ಇದರಲ್ಲಿ ತಪ್ಪೇನೂ ಇರಲಿಲ್ಲ. ಹೆದರಬೇಕಾದ ಗಿಳಿಗಳೋ, ನನ್ನ ಮದುವೆಯ ಪಕ್ಕದ ಹೂವಿನ ಮೇಲೇ ಕೂತು ಬೀಜ ಬಿಡಿಸಿ ತಿನ್ನುತ್ತಿದ್ದವು. ನಾನು ನಿಂತಲ್ಲೇ ಬೈಯಲು ಶುರು ಮಾಡಿದೆ. ನಾದಿನಿಯ ಗಂಡನನ್ನು, ನಾದಿನಿಯನ್ನು, ಅವಳ ಅಣ್ಣನನ್ನು, ಸೀಡಿ ಕಂಡುಹಿಡಿದವನನ್ನು ಯಾರನ್ನೂ ಬಿಡಲಿಲ್ಲ. ಗಿಳಿಗಳು ಗುಂಪಾಗಿ ಎದ್ದು ಹಾರಿಹೋದವು. ಅವರು ಅದನ್ನು ಕಣ್ಣರಳಿಸಿ ನೋಡಿ, ಬಹಳ ಗೌರವದಿಂದ ಹೇಳಿದರು:

"ಅಕ್ಕಾ, ಕೊಯ್ಲು ಮುಗಿಯಗಂಟ ನೀವು ಇಲ್ಲೇ ಇದ್ದುಬಿಡ್ರಿ."

ಮೂರು ಬಣ್ಣದ ತೂತು

ಇಷ್ಟೆಲ್ಲ ಆದರೂ ನಮ್ಮ ಬೀದಿಯಲ್ಲಿ ಇವರ ಮರ್ಯಾದೆ ಒಂದು ಚೂರೂ ಕಡಿಮೆಯಾಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತರೆ "ಮೇಷ್ಟ್ರೇ, ಡೀವೀಡಿ ತಗಳಾಣ ಅಂತಿದೀವಿ" ಎಂದು ಯಾರಾದರೂ ಬರುತ್ತಿದ್ದರು. ಇವರು ತಡಿ ಎನ್ನುತ್ತಿದ್ದರು, ಅವರು ತಡೆಯುತ್ತಿದ್ದರು. ಪೇಟೆಯ ಎಲೆಕ್ಟ್ರಾನಿಕ್ ಅಂಗಡಿಯವರು ಒಮ್ಮೆ ನನ್ನನ್ನು ನಿಲ್ಲಿಸಿ, "ಮೇಡಂ, ನಿಮ್ಮ ಬೀದೀಲಿ ಜನ ಅದಾರಾ, ಊರು ಬಿಟ್ಟು ಹೋದ್ರಾ?" ಎಂದು ಕೇಳಿದ್ದರು.

ಆ ಅಂಗಡಿಗೆ ಇವರು ಒಂದು ದಿನ ತಾವಾಗಿಯೇ ನಡೆದು ಹೋಗಿ ಡೀವೀಡಿ ಪ್ಲೇಯರು ಕೊಡಿ ಎಂದರು. ಅಷ್ಟು ಹೊತ್ತಿಗೆ ಜನ ಫೋನಿನಲ್ಲೇ ಸಿನಿಮಾ ನೋಡುತ್ತಿದ್ದರು. ಅಂಗಡಿಯವರು ಗೋಡೌನಿಗೆ ಹೋಗಿ, ಒಂದು ಪೆಟ್ಟಿಗೆ ಹುಡುಕಿ, ಧೂಳು ಹೊಡೆದು ತಂದುಕೊಟ್ಟರು. ಇನ್ನು ಕ್ಯಾಸೆಟ್ಟನ್ನು ಡೀವೀಡಿಗೆ ಇಳಿಸಿದರಾಯಿತು ಎಂದುಕೊಂಡೆ. ಮನೆಗೆ ತಂದರೆ ಅದರಿಂದ ಕೆಂಪು, ಹಳದಿ, ಬಿಳಿ ಮೂರು ವೈರು ಹೊರಗೆ ಬಂದವು. ನಮ್ಮ ಹಳೆಯ ಡಬ್ಬಿ ಟೀವಿ ಸಿಡಿಲಿಗೆ ಸುಟ್ಟುಹೋಗಿ, ಗತ್ಯಂತರವಿಲ್ಲದೆ ಹೊಸ ಚಪ್ಪಟೆ ಟೀವಿ ತಂದು ತಿಂಗಳಾಗಿತ್ತು. ಅದರ ಬೆನ್ನು ತಿರುಗಿಸಿ ನೋಡಿದೆವು. ಕೆಂಪು ತೂತಿಲ್ಲ, ಹಳದಿ ತೂತಿಲ್ಲ, ಬಿಳಿ ತೂತಿಲ್ಲ.

ನಾನು ಸೊಂಟದ ಮೇಲೆ ಕೈಯಿಟ್ಟು ಉತ್ತರಕ್ಕೆ ಕಾದೆ. ಇಷ್ಟು ವರ್ಷದಲ್ಲಿ ಒಂದು ಸಲವಾದರೂ 'ತಪ್ಪಾಯ್ತು' ಎನ್ನುತ್ತಾರೆ ಎಂಬ ಆಸೆ ನನಗೆ. ಇವರು ಟೀವಿಯ ಬೆನ್ನನ್ನು ಮೆಲ್ಲಗೆ ಸವರಿ, ಮೂರೂ ವೈರನ್ನು ನೀಟಾಗಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಎತ್ತಿಟ್ಟರು.

"ತಡಿ" ಎಂದರು, "ಆ ತೂತು ಮತ್ತೆ ಬರ್ತಾವೆ."

ಬರೀ ವಾಲಗ

ಇವರು ನಿವೃತ್ತರಾದರು. ಬಂಧುಗಳನ್ನೆಲ್ಲ ಕರೆದು ಊಟ ಹಾಕಬೇಕು ಎಂದರು. ಯಾವತ್ತು? ಭಾನುವಾರ! ಅಡಿಗೆ ಯಾರು? ನಾನು! ಆಗಲಿ ಎಂದೆ. ಆದರೆ ಮನಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ಒಡಪು ಕೇಳಿ ಮರೆತ ನಾದಿನಿಯರೆಲ್ಲ ಬರುತ್ತಾರೆ, ಅವರೆದುರೇ ಇದು ಮುಗಿಯಬೇಕು.

ಯಾರಿಗೂ ಹೇಳದೆ ಕ್ಯಾಸೆಟ್ಟು ಚೀಲಕ್ಕೆ ಹಾಕಿಕೊಂಡು ಹೊಳಲ್ಕೆರೆ ಬಸ್ಸು ಹತ್ತಿದೆ. ನಮ್ಮ ಮದುವೆ ತೆಗೆದಿದ್ದ ವಿಡಿಯೋದವರು ಈಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ಮಾಡಿಕೊಂಡಿದ್ದಾರೆ. ಹಳೆಯ ವಿಸಿಆರ್ ಒಂದನ್ನು ಬಟ್ಟೆ ಹೊದಿಸಿ ಜೋಪಾನವಾಗಿ ಇಟ್ಟಿದ್ದರು. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, "ಅಮ್ಮಾ, ಇಷ್ಟು ದಿನ ಏನು ಮಾಡ್ತಿದ್ರಿ? ಬೂಸ್ಟು ಹಿಡಿದೈತೆ. ಇನ್ನೊಂದು ಮಳೆಗಾಲ ಬಿಟ್ಟಿದ್ರೆ ಬರೀ ಡಬ್ಬಿ ಉಳೀತಿತ್ತು" ಎಂದರು. ಅವರು ರೀಲನ್ನು ಒರೆಸಿ, ಸುತ್ತಿ, ಒಂದು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. "ಹೊಸಿಲ ಹತ್ರದ್ದು ಬಂದೈತಾ?" ಎಂದು ಕೇಳಿದೆ. "ನಿಮ್ಮ ಯಜಮಾನ್ರ ಮುಖ ಕನ್ನಡಿ ಥರ ಬಂದೈತೆ" ಎಂದರು. ಬಸ್ಸಿನಲ್ಲಿ ಬರುವಾಗ ಪೆನ್‌ಡ್ರೈವನ್ನು ಮುಷ್ಟಿಯಿಂದ ಬಿಡಲೇ ಇಲ್ಲ.

ಭಾನುವಾರ ಹೋಳಿಗೆ, ಪಲ್ಯ ಮಾಡಿ ಮುಗಿಸಿ, ಅನ್ನ ಸಾರು ಮಾಡಲು ಕೈ ಹಾಕುವ ಮೊದಲು ಹಜಾರಕ್ಕೆ ಬಂದು ಪೆನ್‌ಡ್ರೈವ್ ಚುಚ್ಚಿ ಟೀವಿ ಹಚ್ಚಿದೆ. ಪರದೆಯ ಮೇಲೆ ಒಂದು ತಾವರೆ ಅರಳಿತು. ಅದರೊಳಗೆ ನಾನು ಗಿರಗಿರ ತಿರುಗಿದೆ. ಹೃದಯದ ಆಕಾರದೊಳಗೆ ಇವರ ಮುಖ ಬಂತು, ಆಗ ಕೂದಲಿತ್ತು. ನಾದಿನಿಯರು ಹೊಟ್ಟೆ ಹಿಡಿದು ನಕ್ಕರು. ಇವರು ಮಾತ್ರ ನಗಲಿಲ್ಲ. ಮುಂದೆ ಏನು ಬರುತ್ತದೆ ಎಂದು ಅವರಿಗೆ ಗೊತ್ತಿತ್ತು.

ಬಂತು. ಹೊಸಿಲು, ಆರತಿ, ಅಡ್ಡ ಹಿಡಿದ ಕೈಗಳು. ಇವರು ಗಂಟಲು ಸರಿ ಮಾಡಿಕೊಂಡು ಬಾಯಿ ತೆರೆದರು. ಪೀಂ ಎಂದು ವಾಲಗ ಊದಿತು. ನಾನು ಸದ್ದು ಜಾಸ್ತಿ ಮಾಡಿದೆ. ವಾಲಗ ಜಾಸ್ತಿಯಾಯಿತು. ಆ ಪುಣ್ಯಾತ್ಮ ವಿಡಿಯೋದವರು ಮಂಗಳಕರವಾಗಿರಲಿ ಎಂದು ಇಡೀ ಮದುವೆಯ ಮಾತು ಅಳಿಸಿ, ಆದಿಯಿಂದ ಅಂತ್ಯದವರೆಗೆ ವಾಲಗ ತುಂಬಿಸಿಟ್ಟಿದ್ದರು! ಇವರ ತುಟಿ ಅಲ್ಲಾಡುತ್ತಿತ್ತು, ಒಂದು ಅಕ್ಷರವೂ ಕೇಳಲಿಲ್ಲ. ಇಷ್ಟು ವರ್ಷ ಜೋಪಾನ ಮಾಡಿದ್ದು ಇದಕ್ಕಾ ಎಂದು ನನಗೆ ಅಳುವೇ ಬಂತು.

ಇವರು ಕುರ್ಚಿಗೆ ಒರಗಿ, ಕಾಲ ಮೇಲೆ ಕಾಲು ಹಾಕಿಕೊಂಡರು. "ನೋಡ್ರಪ್ಪ, ವಾಲಗ ಐತೆ. ಒಡಪು ಎಲ್ಲೈತೆ?"

ಆಗ ಟೀವಿಯ ಮುಂದೆಯೇ ಕೂತಿದ್ದ ಇವರ ಸೋದರತ್ತೆ ಬಿದ್ದು ಬಿದ್ದು ನಗತೊಡಗಿದರು. ಬಾಗೂರಿನಿಂದ ಬಂದಿದ್ದ ಹಿರಿಯ ಜೀವ. ಚಿಕ್ಕಂದಿನಿಂದಲೂ ಎರಡೂ ಕಿವಿ ಕೇಳುವುದಿಲ್ಲ, ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುತ್ತಾರೆ. ಮನೆ ತುಂಬಿಸಿದ ದಿನ ಅವರು ಒಳಗೆ ದೇವರ ಮನೆಯಲ್ಲಿದ್ದರಂತೆ, ಹೊಸಿಲ ಮುಂದೆ ಏನಾಯಿತೆಂದು ನೋಡಿರಲಿಲ್ಲ. ಟೀವಿಯಲ್ಲಿ ಮಾತಿಲ್ಲ, ಬರೀ ವಾಲಗ ಎನ್ನುವುದು ಅವರಿಗೆ ಗೊತ್ತಾಗುವಂತೆಯೂ ಇರಲಿಲ್ಲ.

"ಲೇ, ಎಂಥಾ ಒಡಪು ಕಟ್ಟೀಯೋ!" ಎಂದು ಇವರ ತೊಡೆಗೆ ಹೊಡೆದರು. "ಕೋಟೆಗೆ ಸುತ್ತು ಏಳು, ವಾರಕ್ಕೆ ದಿನ ಏಳು. ಆರು ದಿನ ಸೌಟು ಇವಳ ಪಾಲು, ಭಾನುವಾರ ಸೌಟು ನನ್ನ ಪಾಲು!"

ನಾನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಅವರು ಮತ್ತೆ ಅದನ್ನೇ ಹೇಳಿದರು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ. ದೊಡ್ಡ ನಾದಿನಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನು ಸುಳ್ಳಿಯಾಗಿರಲಿಲ್ಲ. ನನಗೆ ಅದೇ ಸಾಕಾಗಿತ್ತು, ಟೀವಿ ಆರಿಸಲು ಹೋದೆ.

"ತಡಿಯೇ, ಇನ್ನೂ ಐತೆ" ಎಂದು ಸೋದರತ್ತೆ ನನ್ನ ಕೈ ಹಿಡಿದರು. ಪರದೆಯ ಮೇಲೆ ಇವರು ಪಕ್ಕದಲ್ಲಿದ್ದ ಗೆಳೆಯನ ಕಿವಿಗೆ ಬಾಗಿ ಏನೋ ಹೇಳುತ್ತಿದ್ದರು. ಅದು ನನಗೂ ಹೊಸದು. ಸೋದರತ್ತೆ ಅದನ್ನೂ ಓದಿದರು: "ಮೊದ್ಲು ಬಾಗ್ಲು ಬಿಡ್ಲಿ ತಡಿಯೋ. ಆಮ್ಯಾಲೆ ಯಾವ ಭಾನುವಾರ, ಯಾವ ಸೌಟು!"

ಹಜಾರ ಹಾರಿಹೋಗುವಂತೆ ಎಲ್ಲರೂ ನಕ್ಕರು. ಇವರ ಮುಖ ಕೆಂಪಗಾಯಿತು. ದೊಡ್ಡ ನಾದಿನಿಯ ಕಡೆ ತಿರುಗಿ ಮೆಲ್ಲಗೆ, "ಕಿವಿ ಕೇಳದೋರ ಮಾತು ಎಲ್ಲಾದ್ರೂ ಸಾಕ್ಷಿ ಆಗುತ್ತಾ?" ಎಂದರು. ಪಿಸುಮಾತು ನಮಗೇ ಸರಿಯಾಗಿ ಕೇಳಲಿಲ್ಲ. ಆದರೆ ಸೋದರತ್ತೆಯ ಕಣ್ಣು ಇವರ ತುಟಿಯ ಮೇಲೇ ಇತ್ತು.

"ಕೇಳಾದಿಲ್ಲ ಕಣಪ್ಪ" ಎಂದರು. "ಕಾಣ್ತೈತೆ."

ನಾನು ಸೌಟು ತಂದು ಇವರ ಕೈಗೆ ಕೊಟ್ಟೆ. ಯಾರೂ ಬೇಡ ಎನ್ನಲಿಲ್ಲ. ಇವರು ಎದ್ದು ಅಡಿಗೆ ಮನೆಗೆ ಹೋದರು. ಅವತ್ತು ಅನ್ನ ತಳ ಹಿಡಿದಿತ್ತು, ಸಾರಿಗೆ ಉಪ್ಪೇ ಬಿದ್ದಿರಲಿಲ್ಲ. ಬಂದವರೆಲ್ಲ ಮೊದಲ ತುತ್ತಿಗೇ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಎರಡನೇ ಸಲ ಬಡಿಸಿಕೊಂಡೆ.